ಹರಳು ಕಾಯಿಸಿದೆ, ಪೀಕ್ ಇಳಿಯಿತು. ಆದರೆ ಲೆಕ್ಕದಷ್ಟು ಇಳಿಯಲಿಲ್ಲ

ಪ್ರಶ್ನೆ: ಸರ್, ನಾನು ಬೆಂಗಳೂರಿನ ಕಾಲೇಜೊಂದರಲ್ಲಿ ಎಂಎಸ್‌ಸಿ ಭೌತಶಾಸ್ತ್ರದ ಕೊನೆಯ ಸೆಮಿಸ್ಟರ್‌ನಲ್ಲಿದ್ದೇನೆ. ಹರಳಿನಲ್ಲಿ ಗಾಮಾ ಕಿರಣಗಳ ವಿವರ್ತನೆ, ಅಂದರೆ ಹರಳಿನ ಪರಮಾಣು ಪದರಗಳಿಗೆ ತಾಗಿದ ಕಿರಣ ಕೆಲವೇ ಕೋನಗಳಲ್ಲಿ ಜೋರಾಗಿ ಹೊರಬರುವುದು, ನನ್ನ ಪ್ರಾಜೆಕ್ಟ್. 100 ಮಿಲಿಕ್ಯೂರಿಯ ಅಮೆರಿಸಿಯಂ-241 ಸೋರ್ಸ್, ಒಂದು ಸೆಂಟಿಮೀಟರ್ ದಪ್ಪದ ಉಪ್ಪಿನ ಹರಳು, ಸೋಡಿಯಂ ಅಯೊಡೈಡ್ ಡಿಟೆಕ್ಟರ್ ಇಷ್ಟು ಇವೆ. 400 ಎಂಬ ಪದರಗಳ ಗುಂಪಿನ ಪ್ರತಿಫಲನದ ಪೀಕ್, ಅಂದರೆ ಕೌಂಟ್ ಏರುವ ಶಿಖರ, ಸುಮಾರು 8.5 ಡಿಗ್ರಿಯಲ್ಲಿ ಸಿಕ್ಕಿತು. ಹರಳನ್ನು 300 ಕೆಲ್ವಿನ್‌ನಿಂದ 450 ಕೆಲ್ವಿನ್‌ಗೆ ಕಾಯಿಸಿದರೆ ಪೀಕ್ ಶೇಕಡಾ 18ರಷ್ಟು ಇಳಿಯಬೇಕು ಅಂತ ಡಿಬೈ-ವಾಲರ್ ಲೆಕ್ಕ ಹೇಳುತ್ತದೆ. ಬದಿಯ ಬ್ಯಾಕ್‌ಗ್ರೌಂಡ್ ಕಳೆದ ಮೇಲೂ ನನಗೆ ಸಿಕ್ಕಿದ್ದು 12 ಮಾತ್ರ. ಪೀಕಿನಿಂದ ಒಂದು ಡಿಗ್ರಿ ಆಚೆ 10 ನಿಮಿಷಕ್ಕೆ 310 ಇದ್ದ ಕೌಂಟ್, ಕಾಯಿಸಿದ ಮೇಲೆ 385 ಆಯಿತು. ಗಾಮಾ ಹೊಡೆತಕ್ಕೆ ಹರಳು ಹಾಳಾಗಿದೆ ಅಂತ ಸೀನಿಯರ್ ಒಬ್ಬರು ಹೇಳುತ್ತಾರೆ. ಸೀಸಿಯಂ-137 ಹಾಕು, ಪೀಕ್ ಚೂಪಾಗುತ್ತದೆ ಅಂತ ಇನ್ನೊಬ್ಬರು. ದ್ರವ ಸಾರಜನಕದಲ್ಲಿ ತಣಿಸಲಾ? ಒಳ್ಳೆಯ ಡಿಟೆಕ್ಟರ್ ಎಲ್ಲಿಂದಾದರೂ ಕೇಳಿ ತರಲಾ? ವರದಿಯಲ್ಲಿ 12 ಅಂತಲೇ ಬರೆಯಬಹುದಾ? ಮನೆಯಲ್ಲಿ ಅಮ್ಮ ಬೇರೆ ದಿನಾ ರೇಡಿಯೇಷನ್ ರೇಡಿಯೇಷನ್ ಅಂತ ಹೆದರುತ್ತಿದ್ದಾರೆ.

ಉತ್ತರ: ನಿಮ್ಮ ಪ್ರಯೋಗ ಕೆಟ್ಟಿಲ್ಲ. 18ಕ್ಕೂ 12ಕ್ಕೂ ನಡುವೆ 6 ಕಾಣೆಯಾಗಿದೆಯಲ್ಲ, ನಿಮ್ಮ ಇಡೀ ಪ್ರಾಜೆಕ್ಟಿನಲ್ಲಿ ನನಗೆ ಇಷ್ಟವಾದದ್ದೇ ಆ 6. ಅದು ಎಲ್ಲಿಗೂ ಹೋಗಿಲ್ಲ. ಪೀಕಿನ ಅಡಿಯಲ್ಲೇ ಕೂತಿದೆ.

ಹರಳಿನ ಪರಮಾಣುಗಳು ಶಾಖಕ್ಕೆ ಅಲ್ಲಾಡುತ್ತವೆ. ಅಲ್ಲಾಟ ಜಾಸ್ತಿಯಾದಷ್ಟೂ ಬ್ರ್ಯಾಗ್ ಪೀಕ್, ಅಂದರೆ ಪದರಗಳೆಲ್ಲ ಒಟ್ಟಾಗಿ ಪ್ರತಿಫಲಿಸಿದಾಗ ಬರುವ ನಿಮ್ಮ ಆ ಪೀಕ್, ಕುಗ್ಗುತ್ತದೆ. ಇದನ್ನು ಡಿಬೈ 1913ರಲ್ಲಿ ಲೆಕ್ಕ ಹಾಕಿದರು, ವಾಲರ್ 1923ರಲ್ಲಿ ಸರಿಪಡಿಸಿದರು. ಆದರೆ ಪೀಕಿನಿಂದ ಹೋದ ಕಿರಣ ಆವಿಯಾಗುವುದಿಲ್ಲ, ಸುತ್ತಮುತ್ತ ಚದುರಿಕೊಳ್ಳುತ್ತದೆ. ಇದಕ್ಕೆ ಲ್ಯಾಬಿನಲ್ಲಿ ಎಲ್ಲರೂ ಟಿಡಿಎಸ್ ಅನ್ನುತ್ತಾರೆ, ಅಂದರೆ ಶಾಖದಿಂದಾಗುವ ಮಸುಕು ಚದುರಿಕೆ. ಬೆಂಗಳೂರಿನಲ್ಲಿ ಟಿಡಿಎಸ್ ಅಂದರೆ ಒಂದೋ ಬೋರ್‌ವೆಲ್ ನೀರು, ಇಲ್ಲ ಸಂಬಳದಲ್ಲಿ ಹಿಡಿಯುವ ತೆರಿಗೆ. ತೆರಿಗೆಯ ಹೋಲಿಕೆ ಇಲ್ಲಿ ಪರವಾಗಿಲ್ಲ: ಕೈಗೆ ಬರುವ ಸಂಬಳ ಕಡಿಮೆಯಾಗಿದೆ, ಆದರೆ ಹಿಡಿದ ದುಡ್ಡು ನಿಮ್ಮ ಹೆಸರಲ್ಲೇ ಬೇರೆ ಕಡೆ ಜಮಾ ಆಗಿದೆ. ನಿಮ್ಮ ತೊಂದರೆ ಏನೆಂದರೆ, ಅದರಲ್ಲಿ ಒಂದು ಪಾಲನ್ನು ನೀವು ಮತ್ತೆ ಸಂಬಳದ ಜೊತೆಗೇ ಎಣಿಸಿಬಿಟ್ಟಿದ್ದೀರಿ.

ಎಣಿಸಿದ್ದು ಹೇಗೆ ಅಂತ ನೋಡೋಣ. ಚಿಕ್ಕಬಳ್ಳಾಪುರದ ಕಡೆ ಬಸ್ಸಿನಲ್ಲಿ ಹೋಗುವಾಗ ಗಾಳಿಗೆ ತೂಗುವ ರಾಗಿ ಹೊಲ ನೋಡಿರುತ್ತೀರಿ. ಒಂದೊಂದು ತೆನೆ ತನ್ನ ಪಾಡಿಗೆ ಅಲ್ಲಾಡುವುದಿಲ್ಲ. ಹೊಲದ ಈ ತುದಿಯಿಂದ ಆ ತುದಿಗೆ ಅಲೆ ಓಡುತ್ತದೆ, ಪಕ್ಕಪಕ್ಕದ ತೆನೆಗಳು ಜೊತೆಯಲ್ಲೇ ಬಾಗುತ್ತವೆ. ಹರಳಿನೊಳಗೂ ಹಾಗೆಯೇ. ಗಾಮಾ ಫೋಟಾನ್‌ಗೆ ಹೋಲಿಸಿದರೆ ಈ ಅಲೆಗಳು ತೀರಾ ನಿಧಾನ. ಒಂದೊಂದು ಫೋಟಾನೂ ಅಲೆ ಹೆಪ್ಪುಗಟ್ಟಿ ನಿಂತ ಒಂದು ಫೋಟೋ ನೋಡಿದಂತೆ ಚದುರುತ್ತದೆ. ಅಲೆ ಎಷ್ಟು ಉದ್ದವೋ ಚದುರಿದ ಕಿರಣ ಬ್ರ್ಯಾಗ್ ದಿಕ್ಕಿಗೆ ಅಷ್ಟು ಹತ್ತಿರ ಬೀಳುತ್ತದೆ. ಉದ್ದದ ಅಲೆಗಳನ್ನು ಎಬ್ಬಿಸಲು ಕಡಿಮೆ ಶಕ್ತಿ ಸಾಕು, ಆದ್ದರಿಂದ ಅವುಗಳ ಏರಿಳಿತವೇ ದೊಡ್ಡದು. ಎರಡನ್ನೂ ಸೇರಿಸಿ. ಟಿಡಿಎಸ್ ಸಮತಟ್ಟಾಗಿ ಹರಡುವುದಿಲ್ಲ, ಪೀಕಿನ ಬುಡದಲ್ಲಿ ಗುಡ್ಡೆ ಬೀಳುತ್ತದೆ. ಗುಡ್ಡೆಯ ತುದಿ ಇರುವುದು ಸರಿಯಾಗಿ ಪೀಕಿನ ಕೆಳಗೇ. ನೀವು ಎಡಬಲದ ಕೌಂಟ್ ತೆಗೆದುಕೊಂಡು ನಡುವೆ ನೇರ ಗೆರೆ ಎಳೆದು ಕಳೆದಿದ್ದೀರಿ. ಆ ಗೆರೆಯ ಮೇಲೆ ಗುಡ್ಡೆಯ ನೆತ್ತಿ ಹಾಗೇ ಉಳಿಯಿತು. ಕಾಯಿಸಿದಾಗ ನಿಜವಾದ ಪೀಕ್ ಇಳಿಯಿತು, ಗುಡ್ಡೆ ಏರಿತು, ಒಟ್ಟು ಇಳಿಕೆ 18ರ ಬದಲು 12 ಆಯಿತು.

ನಿಮ್ಮ 18ರ ಲೆಕ್ಕ ನಾನೂ ಮಾಡಿ ನೋಡಿದೆ. ಉಪ್ಪಿಗೆ ಕೋಣೆಯ ಶಾಖದಲ್ಲಿ ಡಿಬೈ-ವಾಲರ್ ಬಿ ಮೌಲ್ಯ, ಅಂದರೆ ಪರಮಾಣುಗಳು ಎಷ್ಟು ಅಲ್ಲಾಡುತ್ತವೆ ಎಂಬುದರ ಅಳತೆ, ಸುಮಾರು 1.5 ಚದರ ಆಂಗ್‌ಸ್ಟ್ರಾಮ್. ಅಷ್ಟಕ್ಕೇ 400 ಪೀಕ್ ತನ್ನ ಶೇಕಡಾ 31ರಷ್ಟನ್ನು ಕಳೆದುಕೊಂಡಿರುತ್ತದೆ, ನೀವು ಹೀಟರ್ ಮುಟ್ಟುವ ಮುಂಚೆಯೇ. 600 ಪೀಕಿಗೆ ಹೋದರೆ ಅರ್ಧಕ್ಕಿಂತ ಜಾಸ್ತಿ ಹೋಗಿರುತ್ತದೆ. 200ರಲ್ಲಿ ಹೋಗುವುದು 9 ಮಾತ್ರ. ಆದ್ದರಿಂದ 400 ಆರಿಸಿಕೊಂಡದ್ದು ಒಳ್ಳೆಯದೇ ಆಯಿತು. 200ರಲ್ಲಿ ಇನ್ನೊಂದು ಕಾಟವೂ ಇದೆ. ಅದು ಎಷ್ಟು ಜೋರಾದ ಪ್ರತಿಫಲನ ಅಂದರೆ ಹರಳಿನ ಮುಂದಿನ ಪದರಗಳೇ ಕಿರಣವನ್ನು ಕಸಿದುಕೊಂಡು ಹಿಂದಿನವಕ್ಕೆ ಕಡಿಮೆ ಬಿಡುತ್ತವೆ. ಅಲ್ಲಿ ಶಾಖದ ಪರಿಣಾಮ ಇನ್ನೂ ಮುಚ್ಚಿಹೋಗುತ್ತದೆ.

ಈಗ ನಿಮ್ಮ ಸೀನಿಯರ್ ಮಾತಿಗೆ ಬರೋಣ. ಗಾಮಾಕ್ಕೆ ಶಕ್ತಿ ಜಾಸ್ತಿ, ಆದ್ದರಿಂದ ಪರಮಾಣುಗಳನ್ನು ಜಾಸ್ತಿ ಅಲ್ಲಾಡಿಸುತ್ತದೆ ಅನ್ನುವುದು ಕೇಳಲು ಸರಿ ಅನ್ನಿಸುತ್ತದೆ, ಅಲ್ವಾ? ಆದರೆ ಬ್ರ್ಯಾಗ್ ಪ್ರತಿಫಲನದಲ್ಲಿ ಫೋಟಾನಿನ ಒದೆ ಒಂದು ಪರಮಾಣುವಿಗೆ ಬೀಳುವುದಿಲ್ಲ, ಇಡೀ ಹರಳೇ ಅದನ್ನು ಹೊರುತ್ತದೆ. ಒದೆ ಎಷ್ಟು ದೊಡ್ಡದು ಅನ್ನುವುದನ್ನು ತೀರ್ಮಾನಿಸುವುದು ಪದರಗಳ ನಡುವಿನ ಅಂತರ ಮಾತ್ರ. ಆ 31 ಅನ್ನುವ ಅಂಕಿ ತಾಮ್ರದ ಎಕ್ಸ್-ರೇ ಟ್ಯೂಬಿನ 8 ಕಿಲೋ ಎಲೆಕ್ಟ್ರಾನ್‌ವೋಲ್ಟಿಗೂ ಒಂದೇ, ನಿಮ್ಮ ಅಮೆರಿಸಿಯಂನ 59.5ಕ್ಕೂ ಒಂದೇ, ಸೀಸಿಯಂನ 662ಕ್ಕೂ ಒಂದೇ. ಇನ್ನು ಹರಳು ಹಾಳಾಗಿದೆಯೋ ಇಲ್ಲವೋ ತಿಳಿಯಲು ಉಪಕರಣ ಬೇಡ, ಕಣ್ಣು ಸಾಕು. ಭಾರಿ ಪ್ರಮಾಣದ ಗಾಮಾ ತಿಂದ ಉಪ್ಪಿನ ಹರಳು ಹಳದಿಯಾಗಿ, ಆಮೇಲೆ ಕಂದಾಗುತ್ತದೆ. ಕಾಯಿಸಿದರೆ ಆ ಬಣ್ಣ ಮತ್ತೆ ಹೋಗುತ್ತದೆ. ನಿಮ್ಮ ಹರಳು ಕಲ್ಲುಸಕ್ಕರೆಯ ಹಾಗೆ ಬೆಳ್ಳಗೇ ಇದ್ದರೆ ಸೀನಿಯರ್‌ಗೆ ತೋರಿಸಿ.

ಶಾಖಕ್ಕೆ ಪೀಕ್ ಅಗಲವಾಗುತ್ತದೆ ಎಂಬ ಇನ್ನೊಂದು ನಂಬಿಕೆಯೂ ಇದೆ. ವೈವಾದಲ್ಲಿ ಇದನ್ನು ಕೇಳಿಯೇ ಕೇಳುತ್ತಾರೆ. ಪರಮಾಣು ತನ್ನ ಜಾಗದ ಸುತ್ತ ಅಲ್ಲಾಡುತ್ತದೆಯೇ ಹೊರತು ಜಾಗ ಬಿಟ್ಟು ಹೋಗುವುದಿಲ್ಲ. ಸರಾಸರಿ ಜಾಗಗಳ ಸಾಲು ನೆಟ್ಟಗೇ ಇರುತ್ತದೆ. ಆದ್ದರಿಂದ ಪೀಕ್ ಕುಳ್ಳಗಾಗುತ್ತದೆ, ದಪ್ಪ ಆಗುವುದಿಲ್ಲ. ನಿಮ್ಮ ಪೀಕ್ ಅಗಲವಾಗಿ ಕಾಣುವುದಕ್ಕೆ ಕಾರಣ ಸ್ಲಿಟ್ (ಕಿರಣ ಹಾಯುವ ಸೀಳು), ಸೋರ್ಸಿನ ಗಾತ್ರ, ಮತ್ತು ಹರಳಿನೊಳಗಿನ ಸಣ್ಣ ಸಣ್ಣ ತುಂಡುಗಳು ಒಂದಕ್ಕೊಂದು ತುಸು ಓರೆಯಾಗಿರುವುದು.

ಒಳ್ಳೆಯ ಡಿಟೆಕ್ಟರ್ ತಂದರೆ ಟಿಡಿಎಸ್ ಬೇರೆ ಕಾಣಿಸುತ್ತದಾ? ಇಲ್ಲ. ಹರಳಿನ ಅಲೆಗಳು ಫೋಟಾನಿನಿಂದ ಕಸಿಯುವ ಅಥವಾ ಅದಕ್ಕೆ ಕೊಡುವ ಶಕ್ತಿ ಕೆಲವು ಮಿಲಿ ಎಲೆಕ್ಟ್ರಾನ್‌ವೋಲ್ಟಿನಿಂದ ಕೆಲವು ಹತ್ತರಷ್ಟು. ಒಳ್ಳೆಯ ಜರ್ಮೇನಿಯಂ ಡಿಟೆಕ್ಟರ್ ಕೂಡ 60 ಕಿಲೋ ಎಲೆಕ್ಟ್ರಾನ್‌ವೋಲ್ಟಿನ ಹತ್ತಿರ ನೂರಾರು ಎಲೆಕ್ಟ್ರಾನ್‌ವೋಲ್ಟಿನ ಅಂತರವನ್ನಷ್ಟೇ ಬಿಡಿಸಬಲ್ಲದು. ಲಾರಿ ತೂಗುವ ವೇಬ್ರಿಜ್ ಮೇಲೆ ಮಲ್ಲಿಗೆ ಮೊಳ ಇಟ್ಟ ಹಾಗೆ. ಫೋಟಾನ್ ಒಂದು ಎಲೆಕ್ಟ್ರಾನಿಗೆ ಬಡಿದು ಶಕ್ತಿ ಕಳೆದುಕೊಳ್ಳುವ ಕಾಂಪ್ಟನ್ ಚದುರಿಕೆ ಕೂಡ ಇಲ್ಲಿ ಬೇರ್ಪಡುವುದಿಲ್ಲ. 8.5 ಡಿಗ್ರಿಯಂಥ ಸಣ್ಣ ಕೋನದಲ್ಲಿ ಕಾಂಪ್ಟನ್ ಫೋಟಾನ್ ಕಳೆದುಕೊಳ್ಳುವುದು ಸುಮಾರು 76 ಎಲೆಕ್ಟ್ರಾನ್‌ವೋಲ್ಟ್ ಮಾತ್ರ. ಹೀಗೆ ನಿಜವಾದ ಬ್ರ್ಯಾಗ್, ಟಿಡಿಎಸ್, ಕಾಂಪ್ಟನ್ ಮೂರೂ ನಿಮ್ಮ ಡಿಟೆಕ್ಟರಿನಲ್ಲಿ ಒಂದೇ ಚಾನಲ್‌ಗೆ (ಶಕ್ತಿ ನೋಡಿ ಫೋಟಾನ್ ಎಣಿಸುವ ಖಾನೆಗೆ) ಬಂದು ಬೀಳುತ್ತವೆ.

ಡಿಟೆಕ್ಟರನ್ನು ಕೇಳಿ ಪ್ರಯೋಜನವಿಲ್ಲ ಅಂದ ಮೇಲೆ ಶಾಖವನ್ನೇ ಕೇಳಬೇಕು. ಕಾಂಪ್ಟನ್‌ಗೆ ಹರಳು ಬಿಸಿಯೋ ತಣ್ಣಗೋ ಗೊತ್ತಾಗುವುದಿಲ್ಲ. ಗಾಳಿಯ ಚದುರಿಕೆ, ಕೋಣೆಯ ಬ್ಯಾಕ್‌ಗ್ರೌಂಡ್ ಇವುಗಳಿಗೂ ಅಷ್ಟೆ. ಟಿಡಿಎಸ್ ಮಾತ್ರ ಕೆಲ್ವಿನ್ ಅಳತೆಗೆ ತಕ್ಕ ಹಾಗೆ ಏರುತ್ತದೆ. ನಿಮ್ಮ ಅಂಕಿಗಳನ್ನೇ ತೆಗೆದುಕೊಳ್ಳಿ. ಪೀಕಿನಾಚೆ 150 ಕೆಲ್ವಿನ್‌ಗೆ 75 ಕೌಂಟ್ ಏರಿದೆ, ಅಂದರೆ ಕೆಲ್ವಿನ್‌ಗೆ ಅರ್ಧ. ಹಾಗಾದರೆ 300ರಲ್ಲಿ ಟಿಡಿಎಸ್ ಪಾಲು 150. ಉಳಿದ 160 ಶಾಖಕ್ಕೆ ಸಂಬಂಧವೇ ಇಲ್ಲದ್ದು. ಚೆನ್ನಾಗಿದೆ. ಆದರೆ ಇಷ್ಟಕ್ಕೇ ಖುಷಿಪಡಬೇಡಿ. 310ರ ಮೇಲಿನ ತಪ್ಪಿನ ಅಂದಾಜು 18, 385ರ ಮೇಲೆ 20. ಎರಡೂ ಸೇರಿದರೆ ವ್ಯತ್ಯಾಸದ ಮೇಲೆ 26. ಅಂದರೆ ನಿಮ್ಮ 75 ನಿಜವಾಗಿ 50 ಇರಬಹುದು, 100 ಇರಬಹುದು. 10 ನಿಮಿಷದ ಬದಲು ಒಂದೊಂದು ಬಿಂದುವಿಗೆ 100 ನಿಮಿಷ ಕೊಡಿ. ನಡುವೆ 375 ಕೆಲ್ವಿನ್‌ನಲ್ಲಿ ಇನ್ನೊಂದು ಬಿಂದು ಸೇರಿಸಿ. ಮೂರೂ ಒಂದೇ ಗೆರೆಯ ಮೇಲೆ ಬಿದ್ದರೆ ಯಾರೂ ನಿಮ್ಮ ಬಾಯಿ ಮುಚ್ಚಿಸಲಾರರು.

ಈ ಉಪಾಯಕ್ಕೂ ನಮ್ಮ ಊರಿಗೂ ಹಳೆಯ ನಂಟಿದೆ. 1940ರಲ್ಲಿ ಇಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಮತ್ತು ನೀಲಕಂಠನ್ ವಜ್ರದ ಎಕ್ಸ್-ರೇ ಚಿತ್ರಗಳಲ್ಲಿ ಬ್ರ್ಯಾಗ್ ನಿಯಮಕ್ಕೆ ಸಿಗದ ಹೆಚ್ಚುವರಿ ಚುಕ್ಕೆಗಳನ್ನು ಕಂಡರು. ಎಕ್ಸ್-ರೇಗಳೇ ಹರಳಿನ ಕಂಪನಗಳನ್ನು ಎಬ್ಬಿಸುತ್ತವೆ, ಇದು ಹೊಸ ಬಗೆಯ ಪ್ರತಿಫಲನ ಎಂದು ರಾಮನ್ ವಾದಿಸಿದರು. ಲಂಡನ್ನಿನಲ್ಲಿ ಹರಳು ವಿಜ್ಞಾನಿ ಕ್ಯಾಥ್ಲೀನ್ ಲಾನ್ಸ್‌ಡೇಲ್ ಒಪ್ಪಲಿಲ್ಲ, ಇದು ಶಾಖದ ಚದುರಿಕೆ ಅಂದರು. ಜಗಳ ಜೋರಾಗಿಯೇ ನಡೆಯಿತು. ಕೊನೆಗೆ ನೋಡಿದರೆ ಚುಕ್ಕೆಗಳಲ್ಲೇ ಎರಡು ಬಗೆ ಇದ್ದವು. ಮಸುಕಾದವು ಶಾಖಕ್ಕೆ ತಕ್ಕಂತೆ ಬದಲಾದವು, ಅವು ಟಿಡಿಎಸ್. ಕೆಲವು ವಜ್ರಗಳಲ್ಲಿ ಮಾತ್ರ ಕಂಡ ಚೂಪು ಚುಕ್ಕೆಗಳು ಶಾಖಕ್ಕೆ ಕ್ಯಾರೇ ಅನ್ನಲಿಲ್ಲ. ಅವು ಹರಳಿನೊಳಗಿನ ತೆಳು ತಟ್ಟೆಯಂಥ ದೋಷಗಳಿಂದ ಬಂದವು ಅಂತ ಆಮೇಲೆ ತಿಳಿಯಿತು. ರಾಮನ್‌ರ ವಿವರಣೆ ಉಳಿಯಲಿಲ್ಲ, ಆದರೆ ಕಂಡದ್ದು ಸುಳ್ಳಾಗಿರಲಿಲ್ಲ. ವೈವಾದಲ್ಲಿ ಇದನ್ನು ಹೇಳಿದರೆ ಹೊರಗಿನಿಂದ ಬಂದ ಪರೀಕ್ಷಕರು ಕುರ್ಚಿಯಲ್ಲಿ ಸ್ವಲ್ಪ ಮುಂದೆ ಬಂದು ಕೂರುತ್ತಾರೆ.

ಕಾಯಿಸುವಾಗ ಎರಡು ಗುಂಡಿಗಳಿವೆ. ಎರಡರಲ್ಲೂ ನಾನೇ ಬಿದ್ದಿದ್ದೇನೆ. ಒಂದು, ಹರಳು ಹಿಗ್ಗುತ್ತದೆ. 150 ಕೆಲ್ವಿನ್‌ಗೆ ಉಪ್ಪು ಶೇಕಡಾ 0.6ರಷ್ಟು ಹಿಗ್ಗಿ 400 ಪೀಕ್ ಸುಮಾರು 0.05 ಡಿಗ್ರಿ ಒಳಗೆ ಸರಿಯುತ್ತದೆ. ಅದಕ್ಕಿಂತ ಜಾಸ್ತಿ ಹೋಲ್ಡರೇ ಬಾಗುತ್ತದೆ. ಕೋನ ಹಾಗೇ ಬಿಟ್ಟು ಕೌಂಟ್ ತೆಗೆದರೆ ಪೀಕ್ ಇಳಿಯಿತು ಅನ್ನಿಸುತ್ತದೆ, ನಿಜವಾಗಿ ಅದು ಪಕ್ಕಕ್ಕೆ ಹೋಗಿರುತ್ತದೆ. ಪ್ರತಿ ಸಲ ಹರಳನ್ನು ಹಿಂದೆ ಮುಂದೆ ತಿರುಗಿಸಿ ಪೀಕ್ ಮತ್ತೆ ಹುಡುಕಿ. ಎರಡನೆಯದು ನನ್ನ ಪಿಎಚ್‌ಡಿ ಕಾಲದ್ದು. ಹರಳು ಕಾಯಿಸಿದಾಗಲೆಲ್ಲ ಬದಿಯ ಕೌಂಟ್ ಬದಲಾಗುತ್ತಿತ್ತು. ಮೂರು ವಾರ ಟಿಡಿಎಸ್ ಅಂದುಕೊಂಡು ಗ್ರಾಫ್ ಎಳೆದೆ. ಒಂದು ದಿನ ಮರೆತು ಹರಳನ್ನೇ ಇಡದೆ ಹೀಟರ್ ಹಾಕಿದ್ದೆ. ಆಗಲೂ ಅಷ್ಟೇ ಬದಲಾಯಿತು! ಹೀಟರಿನ ಬಿಸಿಗೆ ಡಿಟೆಕ್ಟರಿನ ಗೇನ್ (ಸಿಗ್ನಲ್ ಹಿಗ್ಗಿಸುವ ಪ್ರಮಾಣ) ಜಾರುತ್ತಿತ್ತು, ಗಾಮಾ ಶಕ್ತಿಯ ಪೀಕ್ ನಾನು ಎಣಿಸುತ್ತಿದ್ದ ಚಾನಲ್‌ಗಳಿಂದ ಆಚೀಚೆ ಹೋಗುತ್ತಿತ್ತು. ಸೋಡಿಯಂ ಅಯೊಡೈಡ್ ಬಿಸಿಯಾದರೆ ಅದರ ಬೆಳಕಿನ ಪ್ರಮಾಣವೇ ಬದಲಾಗುತ್ತದೆ, ಫೋಟೋಮಲ್ಟಿಪ್ಲೈಯರ್ ಕೂಡ ಜೊತೆಗೆ ಸೇರಿಕೊಳ್ಳುತ್ತದೆ. ಹೀಟರಿಗೂ ಡಿಟೆಕ್ಟರಿಗೂ ನಡುವೆ ಅಲ್ಯೂಮಿನಿಯಂ ಹಾಳೆಯ ಮರೆ ಕಟ್ಟಿ. 59.5ರ ಗೆರೆ ಯಾವ ಚಾನಲ್‌ನಲ್ಲಿದೆ ಅಂತ ಗಂಟೆಗೊಮ್ಮೆ ನೋಡಿ. ಹೇರ್ ಡ್ರೈಯರ್ ಸಾಹಸ ಬೇಡ. ಎಸ್.ಪಿ. ರೋಡಿನಲ್ಲಿ ಸಣ್ಣ ಕಾರ್ಟ್ರಿಜ್ ಹೀಟರ್, ಥರ್ಮೋಕಪಲ್ ಎರಡೂ ಸಿಗುತ್ತವೆ. ಹಿತ್ತಾಳೆ ತುಂಡಿಗೆ ತೂತು ಕೊರೆದು ಕೂರಿಸಿ. ಥರ್ಮೋಕಪಲ್ ತುದಿ ಹೀಟರಿಗಲ್ಲ, ಹರಳಿಗೆ ತಾಗಿರಲಿ. ನಿಮಿಷಕ್ಕೆ ಒಂದೆರಡು ಡಿಗ್ರಿಗಿಂತ ಬೇಗ ಏರಿಸಬೇಡಿ, ಉಪ್ಪು ಚಟ್ ಅಂತ ಸೀಳುತ್ತದೆ.

ಆ 6ನ್ನು ನೇರವಾಗಿ ಹಿಡಿಯಲು ಇನ್ನೊಂದು ದಾರಿಯಿದೆ, ನನಗೆ ಇದೇ ಜಾಸ್ತಿ ಇಷ್ಟ. ಡಿಟೆಕ್ಟರ್ ಮುಂದಿನ ಸ್ಲಿಟ್ ಕಿರಿದು ಮಾಡಿ. ಸ್ಲಿಟ್ಟಿನ ಅಗಲ, ಎತ್ತರ ಮತ್ತು ಸ್ಕ್ಯಾನಿನ ಉದ್ದ ಮೂರನ್ನೂ ಅರ್ಧ ಮಾಡಿದರೆ ಒಳಗೆ ಬರುವ ಟಿಡಿಎಸ್ ಕೂಡ ಸುಮಾರು ಅರ್ಧವಾಗುತ್ತದೆ. ಬ್ರ್ಯಾಗ್ ಪೀಕ್ ಪೂರ್ತಿ ಒಳಗೆ ಹಿಡಿಸುವಷ್ಟು ಜಾಗ ಇರುವವರೆಗೆ ಅದು ಕಡಿಮೆಯಾಗುವುದಿಲ್ಲ. ಹೀಗೆ ಎರಡು ಮೂರು ಅಳತೆಯ ಸ್ಲಿಟ್‌ಗಳಲ್ಲಿ ಇಳಿಕೆಯ ಶೇಕಡಾವಾರು ತೆಗೆದು ಸ್ಲಿಟ್ ಗಾತ್ರ ಸೊನ್ನೆಯತ್ತ ಗೆರೆ ಎಳೆದರೆ 12 ಮೆಲ್ಲಗೆ 18ರ ಕಡೆ ಏರಬೇಕು. ಇದರ ಬೆಲೆ ಏನೆಂದರೆ ಸಮಯ. ಒಂದು ಮಿಲಿಮೀಟರ್ ಅಗಲ, ಹತ್ತು ಮಿಲಿಮೀಟರ್ ಎತ್ತರದ ಸ್ಲಿಟ್ಟನ್ನು ಸೋರ್ಸಿನಿಂದ ಅರ್ಧ ಮೀಟರ್ ದೂರ ಇಟ್ಟರೆ, ನಿಮ್ಮ 100 ಮಿಲಿಕ್ಯೂರಿಯಿಂದ ಅದರೊಳಗೆ ಬರುವುದು ಸೆಕೆಂಡಿಗೆ ಹೆಚ್ಚೆಂದರೆ 4,000 ಫೋಟಾನ್. ಅದರಲ್ಲಿ ಪ್ರತಿಫಲಿಸುವುದು ಚೂರು ಮಾತ್ರ.

ಸೀಸಿಯಂ ಆಸೆ ಬಿಟ್ಟುಬಿಡಿ. ಕಾಲೇಜುಗಳಲ್ಲಿ ಇರುವ 10 ಮೈಕ್ರೋಕ್ಯೂರಿಯ ಸೋರ್ಸ್ ಹಾಕಿದರೆ ಅದೇ ಸ್ಲಿಟ್ಟಿನಲ್ಲಿ ಸೆಕೆಂಡಿಗೆ ಬರುವುದು ಒಂದೇ ಒಂದು ಫೋಟಾನ್. 662ರಲ್ಲಿ 400 ಪ್ರತಿಫಲನದ ಕೋನ 0.76 ಡಿಗ್ರಿ, ಅರ್ಧ ಮೀಟರ್ ದೂರದಲ್ಲಿ ನೇರ ಕಿರಣದಿಂದ ಏಳು ಮಿಲಿಮೀಟರ್ ಕೂಡ ದೂರವಿಲ್ಲ. ಪ್ರತಿಫಲನದ ಬಲವೂ ಅಮೆರಿಸಿಯಂಗಿಂತ ಸುಮಾರು 120 ಪಟ್ಟು ಕಡಿಮೆ. ಹಾಗಂತ ಜೋರು ಗಾಮಾದಿಂದ ವಿವರ್ತನೆ ಆಗುವುದೇ ಇಲ್ಲ ಅಂತಲ್ಲ. 1914ರಲ್ಲೇ ರುದರ್‌ಫರ್ಡ್ ಮತ್ತು ಆಂಡ್ರೇಡ್ ರೇಡಿಯಂ ಗಾಮಾವನ್ನು ನಿಮ್ಮ ಹಾಗೇ ಉಪ್ಪಿನ ಹರಳಿನಿಂದ ವಿವರ್ತಿಸಿ ಅಲೆಯುದ್ದ ಅಳೆದರು. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ರಿಯಾಕ್ಟರಿನಲ್ಲಿ ತಯಾರಿಸಿದ ವಿಕಿರಣಶೀಲ ಚಿನ್ನ-198ರ 412 ಕಿಲೋ ಎಲೆಕ್ಟ್ರಾನ್‌ವೋಲ್ಟ್ ಗಾಮಾದಿಂದ ದಪ್ಪ ಹರಳುಗಳ ಒಳಗುಣ ಪರೀಕ್ಷಿಸಿದರು. ಆ ಚಿನ್ನದ ಅರ್ಧಾಯುಷ್ಯ 2.7 ದಿನ. ಅಂಥ ಸೋರ್ಸ್ ರಿಯಾಕ್ಟರ್ ಪಕ್ಕದಲ್ಲಿದ್ದವರಿಗೆ ಸರಿ.

ನಿಮ್ಮ 59.5ಕ್ಕೇ ಒಂದು ದೊಡ್ಡ ಅನುಕೂಲವಿದೆ, ಅದನ್ನು ನೀವು ಗಮನಿಸಿದ ಹಾಗಿಲ್ಲ. ತಾಮ್ರದ ಎಕ್ಸ್-ರೇ ಉಪ್ಪಿನ ಮೇಲ್ಮೈಯನ್ನು ಕೂದಲಿನಷ್ಟು ದಪ್ಪ ಮಾತ್ರ ನೋಡುತ್ತದೆ. ಬೆಂಗಳೂರಿನ ಮಳೆಗಾಲದಲ್ಲಿ ಉಪ್ಪಿನ ಹರಳಿನ ಮೈ ಒಂದೇ ರಾತ್ರಿಗೆ ಬೆವರಿ ಮಂಜಾಗುತ್ತದೆ, ಆಗ ಮೇಲ್ಮೈಯ ಅಳತೆ ಕೆಟ್ಟಿತು ಅಂತಲೇ. ನಿಮ್ಮ ಗಾಮಾದಲ್ಲಿ ನೂರಕ್ಕೆ ಸುಮಾರು 45 ಭಾಗ ಇಡೀ ಸೆಂಟಿಮೀಟರ್ ದಾಟಿ ಹೋಗುತ್ತದೆ. ಒಳಗಿನ ಹರಳೇ ಮಾತಾಡುತ್ತದೆ. ಆದರೂ ಸಿಲಿಕಾ ಜೆಲ್ ಡಬ್ಬಿಯಲ್ಲಿ ಇಡುವುದನ್ನು ಬಿಡಬೇಡಿ.

ದ್ರವ ಸಾರಜನಕ? ತತ್ವದಲ್ಲಿ ಸರಿ. 77 ಕೆಲ್ವಿನ್‌ಗೆ ಇಳಿಸಿದರೆ ಪೀಕಿನ ಹತ್ತಿರದ ಟಿಡಿಎಸ್ ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ಪೂರ್ತಿ ಹೋಗುವುದಿಲ್ಲ. ಸೊನ್ನೆ ಕೆಲ್ವಿನ್‌ನಲ್ಲೂ ಪರಮಾಣುಗಳು ಸುಮ್ನೆ ಕೂರುವುದಿಲ್ಲ. ಆದರೆ ಹರಳನ್ನು ಬರಿದೇ ಅದ್ದಿದರೆ ಸೀಳುತ್ತದೆ, ಹೊರಗೆ ತೆಗೆದರೆ ಹಿಮ ಕಟ್ಟಿ ಅದೇ ಕಿರಣ ಚದುರಿಸುತ್ತದೆ. ಹರಳನ್ನು ತಣ್ಣಗಿಡುವ ನಿರ್ವಾತದ ಪಾತ್ರೆ, ಅಂದರೆ ಕ್ರಯೋಸ್ಟಾಟ್, ಬೇಕು. ಮುಚ್ಚಿದ ಸಣ್ಣ ಕೋಣೆಯಲ್ಲಿ ಸಾರಜನಕ ಆವಿಯಾಗಿ ಉಸಿರಾಡುವ ಆಮ್ಲಜನಕ ಕಡಿಮೆಯಾಗುವ ಅಪಾಯ ಬೇರೆ. ಒಂದು ಸೆಮಿಸ್ಟರಿನ ಪ್ರಾಜೆಕ್ಟಿಗೆ ನಾನಾದರೆ ಕಾಯಿಸುವುದರಲ್ಲೇ ನಿಲ್ಲಿಸುತ್ತೇನೆ.

ಮುಂದೆ ಪಿಎಚ್‌ಡಿಗೆ ಹೋಗುವ ಮನಸ್ಸಿದ್ದರೆ ಮಾತ್ರ ಇದನ್ನು ಓದಿ. ಟಿಡಿಎಸ್ಸನ್ನು ಶಕ್ತಿಯಿಂದಲೇ ಬೇರ್ಪಡಿಸುವ ವಿದ್ಯೆಯೂ ಇದೆ. ಕೋಬಾಲ್ಟ್-57ರಿಂದ ಬರುವ 14.4 ಕಿಲೋ ಎಲೆಕ್ಟ್ರಾನ್‌ವೋಲ್ಟಿನ ಮಾಸ್‌ಬಾವರ್ ಗಾಮಾ ಗೆರೆ (ಶಕ್ತಿ ಹೆಚ್ಚುಕಡಿಮೆ ಆಗದೆ ಬರುವ ಗಾಮಾ) ಎಷ್ಟು ಸಣ್ಣದೆಂದರೆ, ಹರಳಿನ ಅಲೆ ಮುಟ್ಟಿದ ಫೋಟಾನ್ ಆ ಗೆರೆಯಿಂದ ಲಕ್ಷಾಂತರ ಪಟ್ಟು ದೂರ ಹೋಗಿ ಬೀಳುತ್ತದೆ. ಡಿಟೆಕ್ಟರ್ ಮುಂದೆ ಅದೇ ಗೆರೆಯನ್ನು ಹೀರುವ ಕಬ್ಬಿಣ-57ರ ಹಾಳೆ ಇಟ್ಟರೆ, ಶುದ್ಧ ಬ್ರ್ಯಾಗ್ ಫೋಟಾನ್‌ಗಳನ್ನು ಅದು ತಡೆಯುತ್ತದೆ, ಟಿಡಿಎಸ್ ಸಲೀಸಾಗಿ ದಾಟುತ್ತದೆ. ಹಾಳೆಯನ್ನು ಸೆಕೆಂಡಿಗೆ ಕೆಲವು ಮಿಲಿಮೀಟರ್ ವೇಗದಲ್ಲಿ ಓಡಿಸಿದರೆ ಆ ತಡೆಯೂ ಇಲ್ಲ. ಎರಡರ ವ್ಯತ್ಯಾಸವೇ ಉತ್ತರ. 1960ರ ದಶಕದಲ್ಲೇ ಇದನ್ನು ಮಾಡಿ ತೋರಿಸಿದರು. ಸೋರ್ಸ್ ದುಬಾರಿ, 272 ದಿನಕ್ಕೆ ಅರ್ಧವಾಗುತ್ತದೆ, ಒಂದೊಂದು ಬಿಂದುವಿಗೆ ದಿನಗಟ್ಟಲೆ ಕಾಯಬೇಕು.

ಅಮ್ಮನಿಗೆ ಹೀಗೆ ಹೇಳಿ. ಅಮೆರಿಸಿಯಂನ ಈ ಗಾಮಾವನ್ನು ಒಂದು ಮಿಲಿಮೀಟರ್ ಸೀಸವೇ ಸಾವಿರಕ್ಕೆ ಮೂರರಷ್ಟಕ್ಕೆ ಇಳಿಸುತ್ತದೆ. ಸೀಸಿಯಂ ಆಗಿದ್ದರೆ ಅರ್ಧ ಮಾಡಲಿಕ್ಕೇ ಆರೇಳು ಮಿಲಿಮೀಟರ್ ಬೇಕಿತ್ತು. ಹರಳು ವಿಕಿರಣಶೀಲ ಆಗುವುದಿಲ್ಲ, ನೀವೂ ಆಗುವುದಿಲ್ಲ. ಹುಷಾರಾಗಿರಬೇಕಾದದ್ದು ಸೋರ್ಸಿನ ತೆಳು ಕಿಟಕಿಯ ಬಗ್ಗೆ. ಅದನ್ನು ಉಗುರು, ಇಕ್ಕಳ, ಒರೆಸುವ ಬಟ್ಟೆ ಯಾವುದರಿಂದಲೂ ಮುಟ್ಟಬೇಡಿ. ಒಳಗಿನ ಅಮೆರಿಸಿಯಂ ಪುಡಿ ಹೊರಬಂದು ಮೈಯೊಳಗೆ ಹೋದರೆ ಅದರ ಆಲ್ಫಾ ಕಣಗಳು ನಿಜಕ್ಕೂ ಅಪಾಯ. ಕೊನೆಯ ಸೋರಿಕೆ ಪರೀಕ್ಷೆ ಯಾವಾಗ ಆಯಿತು ಅಂತ ವಿಭಾಗದ ವಿಕಿರಣ ಸುರಕ್ಷತಾ ಅಧಿಕಾರಿಯನ್ನು ಕೇಳಿ, ಕೇಳುವುದು ನಿಮ್ಮ ಹಕ್ಕು. ಬ್ಯಾಡ್ಜ್ ಕೊಟ್ಟಿದ್ದರೆ ಬ್ಯಾಗಿನಲ್ಲಲ್ಲ, ಎದೆಯ ಮೇಲೆ ಇರಲಿ.

ವರದಿಯಲ್ಲಿ 12 ಅಂತಲೇ ಬರೆಯಿರಿ. ಪಕ್ಕದಲ್ಲಿ ತಪ್ಪಿನ ಅಂದಾಜು ಇರಲಿ, ಸ್ಲಿಟ್ ಅಳತೆ ಇರಲಿ. ಅದರ ಕೆಳಗೆ ಟಿಡಿಎಸ್ ಕಳೆದ ಮೇಲೆ ಸಿಗುವ ಅಂಕಿ ಬೇರೆ ಬರೆಯಿರಿ. 18ಕ್ಕೆ ಸರಿಯಾಗಿ ಬಂದು ನಿಲ್ಲದೆ 16, 17 ಆದರೂ ತಿದ್ದಬೇಡಿ. ನೀವು ಉಪಯೋಗಿಸಿದ ಬಿ ಮೌಲ್ಯ ಕೂಡ ಯಾರೋ ಇದೇ ಗುಡ್ಡೆಯ ಜೊತೆ ಗುದ್ದಾಡಿ ತೆಗೆದದ್ದೇ. ಮತ್ತೆ, 100 ನಿಮಿಷದ ಓಟ ಶುರುಮಾಡುವ ಮುಂಚೆ ಹರಳಿಲ್ಲದ ಹೋಲ್ಡರನ್ನು ಒಮ್ಮೆ 450ರವರೆಗೆ ಕಾಯಿಸಿ ಕೌಂಟ್ ತೆಗೆದಿಡಿ.